ಮೂರಿಂಚು

ಕ್ಯಾಸ್ಪರ್ ಊರಿನ ಹೊರಗೆ, ಗಾಳಿಗೆ ಅಂಗಡಿಯ ಬೋರ್ಡು ಕಿರುಗುಟ್ಟುತ್ತಿತ್ತು.
ವರ್ನಾ ಟ್ರುಹಿಯೊ ಕೈಗವಸು ಬಿಚ್ಚದೆಯೇ
ಟವೆಲ್ಲಿನ ಗಂಟೊಂದನ್ನು ಕೌಂಟರಿನ ಮೇಲಿಟ್ಟಳು.
"ಅಳಿಯ ಕೊಟ್ಟದ್ದು. ಪರ್ಸಿನಲ್ಲಿ ಹಿಡಿಸುತ್ತದೆ ಅಂತ.
ಎರಡು ಹಾರುತ್ತವೆ, ಮೂರನೆಯದಕ್ಕೆ ಮುನಿಸು."

ಮೂವತ್ತೊಂದು ವರ್ಷ ಶಾಲೆಯ ಹಳದಿ ಬಸ್ಸು ತಿರುಗಿಸಿದ ಕೈ.
ಹೋದ ಚಳಿಗಾಲ ಮಂಜುಗಡ್ಡೆಯ ಮೇಲೆ ಜಾರಿ ಮುರಿದ ಮಣಿಕಟ್ಟು
ಕೂಡಿದೆ;
ಕೂಡಿದ್ದನ್ನು ಅವಳು ಪೂರ್ತಿ ನಂಬಿಲ್ಲ.

ಯಜಮಾನ ಸ್ಟೆನ್‌ಸೆತ್ ಹಿಂದಿನ ಮಣ್ಣುದಿಬ್ಬಕ್ಕೆ ಆರು ಹೊಡೆದ.
ಆರೂ ಹೋದವು. ಖಾಲಿ ಕೇಸುಗಳು
ಅರಳು ಸಿಡಿದ ಹಾಗೆ ಬಲಕ್ಕೆ ಬಿದ್ದವು.
ಅವಳು ಹೊಡೆದಳು. ಒಂದು. ಎರಡು.
ಎರಡನೆಯದರ ಹಿತ್ತಾಳೆ ಕಿಂಡಿಯಲ್ಲೇ ನೆಟ್ಟಗೆ ನಿಂತಿತು,
ಬಾಗಿಲ ಸಂದಿಗೆ ಸಿಕ್ಕ ಬೆರಳು.

"ಹಾಗಾದರೆ ಕೆಟ್ಟಿರುವುದು ನಾನು," ಅಂದಳು.

ಸ್ಟೆನ್‌ಸೆತ್ ಮಾತಿನಲ್ಲಿ ಜಿಪುಣ. ನನ್ನ ಕಡೆ ನೋಡಿದ.

ಏನು ಹೇಳಲಿ? ನಾನು ಬನಹಟ್ಟಿಯ ಮಗ್ಗದ ಮನೆಯವನು.
ಸೀರೆಯ ಮಗ್ಗದಲ್ಲಿ ಲಾಳಿ ಈ ಅಂಚಿನಿಂದ ಆ ಅಂಚು ಮುಟ್ಟುವಷ್ಟರಲ್ಲಿ
ಅಪ್ಪನಿಗೆ ಕೆಮ್ಮಲು ಪುರಸೊತ್ತು ಸಿಗುತ್ತಿತ್ತು.
ಟವೆಲ್ಲಿನ ಕಿರುಮಗ್ಗದಲ್ಲಿ ಹೋಯಿತು ಅನ್ನುವ ಮೊದಲೇ ಬಂತು;
ಹದ ತಪ್ಪಿದ ಕೈಗೆ ಎಳೆ ಕಡಿಯುತ್ತಿತ್ತು.

ಇಲ್ಲೂ ಅದೇ. ನಳಿಕೆ ಗಿಡ್ಡವಾದರೆ ಅದನ್ನು ಹೊದ್ದ ಸ್ಲೈಡೂ ಗಿಡ್ಡ, ಹಗುರ,
ಒದೆ ಬಿದ್ದೊಡನೆ ಹಿಂದಕ್ಕೆ ಧಾವಿಸುತ್ತದೆ.
ತಡೆಯಲು ಜಾಗವಿಲ್ಲದಲ್ಲಿ ಬಿರುಸು ಸ್ಪ್ರಿಂಗು ತುರುಕಿರುತ್ತಾರೆ.
ಖಾಲಿಯದನ್ನು ಎಸೆಯಬೇಕು, ಕೆಳಗಿನಿಂದ ತುಂಬಿದ್ದು ಏಳಬೇಕು,
ಬಾಯಿ ಮುಚ್ಚಬೇಕು,
ಎಲ್ಲ ಒಂದು ರೆಪ್ಪೆಬಡಿತದ ಚೂರಿನಲ್ಲಿ.
ಮಣಿಕಟ್ಟು ಎಳ್ಳಷ್ಟು ಸಡಿಲಿದರೂ ಹಿಡಿ ತಾನೂ ಹಿಂದೆ ಸರಿದು
ಸ್ಲೈಡು ಓಡಬೇಕಾದ ದಾರಿಯನ್ನು ತಿಂದುಬಿಡುತ್ತದೆ.

"ಐದಿಂಚಿನದು ಒಂದಿಷ್ಟು ಕ್ಷಮಿಸುತ್ತದಮ್ಮ," ಅಂದೆ,
"ಇದಕ್ಕೆ ಆ ಗುಣವಿಲ್ಲ."

"ಚಿಕ್ಕದು, ಹೆಂಗಸರಿಗೆ ಅಂತ ತಾನೆ ಮಾರಿದ್ದು?"
ನಕ್ಕಳೋ, ಮೂಗೆಳೆದಳೋ, ಗಾಳಿಯಲ್ಲಿ ತಿಳಿಯಲಿಲ್ಲ.

ಸ್ಟೆನ್‌ಸೆತ್ ಕಪಾಟಿನಿಂದ ಹಳೆಯ ಉದ್ದದ್ದೊಂದು ತಂದ.
ನೀಲಿ ಹೊಳಪು ಅಂಚುಗಳಲ್ಲಿ ಸವೆದು ಬೆಳ್ಳಗಾಗಿತ್ತು.
ಭಾರಕ್ಕೆ ಅವಳ ತೋಳು ಇಳಿಯಿತು, ಮತ್ತೆ ಏರಿತು.
ಎಂಟು.
ಎಂಟೂ.
ಗುರಿ ಮಾತ್ರ ಹಲಗೆಯ ನಾಲ್ಕು ಮೂಲೆಗೂ ಪ್ರಸಾದದಂತೆ ಹಂಚಿಹೋಗಿತ್ತು.

"ಪರ್ಸಿಗೆ ಹೋಗದು," ಅಂದ ಅವನು.
"ಬಸ್ಸು ಓಡಿಸಿದವಳಯ್ಯ ನಾನು. ದೊಡ್ಡ ಚೀಲ ತರುತ್ತೇನೆ.
ಪಿಂಚಣಿ ಬರುವತನಕ ಯಾರಿಗೂ ಕೊಡಬೇಡ."

ಸಂಜೆ ಕೇಸು ಗುಡಿಸಿ, ಅವಳು ಬಿಟ್ಟುಹೋದ ಮೂರಿಂಚನ್ನು
ಎಣ್ಣೆಗೆಂದು ಬಿಚ್ಚಿದೆ. ಸ್ಪ್ರಿಂಗು ಕೈಜಾರಿ ಬೆಂಚಿನಡಿಗೆ ಚಿಮ್ಮಿತು.
ಮೊಣಕಾಲೂರಿ ಇನ್ನೂ ಹುಡುಕುತ್ತಿದ್ದೇನೆ.
ಕಿರುಬೆರಳಿನಷ್ಟು ಉದ್ದ;
ಎಷ್ಟು ಸಿಟ್ಟು ಮಡಚಿಟ್ಟುಕೊಂಡಿತ್ತು.