ಎರಡು ಗಂಟೆಯ ನೆರಳು

ಯೂಂಬೆಯ ಕೆಂಪು ದಿಬ್ಬದ ಮೇಲೆ ನಾನು ಕಟ್ಟಿಸಿದ ಸಭಾಂಗಣಕ್ಕೆ
ನಾಲ್ಕು ಕಿಟಕಿ, ಒಂದು ವೇದಿಕೆ, ನೀಲಿ ಬಳಿದ ಕಬ್ಬಿಣದ ಬಾಗಿಲು.
ಕಂಪಾಲಾದಲ್ಲಿ ಕೂತು ಎಳೆದ ಗೆರೆಗಳು,
ಒಂದೂ ಸೊಟ್ಟಗಿರಲಿಲ್ಲ.

ಎಂಟು ತಿಂಗಳ ಮೇಲೆ ನೋಡಹೋದೆ.
ಬಾಗಿಲಿಗೆ ಬೀಗ. ಬೀಗದ ಕೈ ಅಧ್ಯಕ್ಷರ ಬಳಿ,
ಅಧ್ಯಕ್ಷರು ಅರುವಾ ಪೇಟೆಯಲ್ಲಿ.
ಕಿಟಕಿಯಿಂದ ಇಣುಕಿದರೆ ವೇದಿಕೆಯ ಮೇಲೆ ಆಡಿನ ಹಿಕ್ಕೆ.
ಹೆಂಗಸರೆಲ್ಲಿ, ಎಂದೆ.
ಹುಡುಗನೊಬ್ಬ ಗದ್ದದಲ್ಲೇ ತೋರಿಸಿದ: ಹಿಂದೆ.

ಹಿಂದೆ, ನಕ್ಷೆಯಲ್ಲಿ ನಾನು ಹೆಸರೇ ಇಡದ ಕಡೆ,
ಎರಡು ಗಂಟೆಗೆ ಗೋಡೆ ಚೆಲ್ಲುವ ಮೂರು ಮೊಳ ನೆರಳಿನಲ್ಲಿ
ಕಾಲು ಚಾಚಿ ನೆಲಗಡಲೆ ಸುಲಿಯುತ್ತಿದ್ದರು
ಪೋನಿ, ಜೊಕುದು, ಮತ್ತೆ ಮಾತೇ ಆಡದ ಕಿಡೆನ್.

"ಒಳಗೆ ಯಾಕೆ ಕೂರುವುದಿಲ್ಲ?"
ಪೋನಿ ಸಿಪ್ಪೆ ಊದಿದಳು. "ಒಳಗೆ ಬೆಂಚುಗಳು ಸಾಲಾಗಿವೆ.
ಕಾಯಾ ಗಡಿಯಲ್ಲಿ ಸಾಲು, ಜೋಳಕ್ಕೆ ಸಾಲು,
ಬೆರಳಚ್ಚಿಗೆ ಸಾಲು, ಸಾಬೂನಿಗೆ ಸಾಲು.
ನಿಂತು ನಿಂತು ಸಾಕಾಗಿದೆ ಮಗಳೇ,
ಕೂತಾಗಲಾದರೂ ಇನ್ನೊಬ್ಬಳ ಬೆನ್ನು ನೋಡುವ ಹಣೆಬರಹ ಬೇಡ."

ಹಾಳೆ ತೆಗೆದೆ. ಅವಳು ಅದನ್ನು ಮಡಿಸಿ
ಸುಲಿದ ಬೀಜಕ್ಕೆ ಪೊಟ್ಟಣ ಕಟ್ಟಿ
ಕಡ್ಡಿಯೊಂದನ್ನು ಕೈಗಿತ್ತಳು: ನೆಲದ ಮೇಲೆ ಬರೆ,
ತಪ್ಪಾದರೆ ಕಾಲಲ್ಲಿ ಒರೆಸಬಹುದು.

ಬರೆದೆವು, ಒರೆಸಿದೆವು.
ಬಾಗಿಲು ಬೇಡ; ಬಾಗಿಲಿದ್ದರೆ ಬೀಗ, ಬೀಗಕ್ಕೊಬ್ಬ ಗಂಡಸು.
ಹಿಂದಕ್ಕೂ ಒಂದು ದಾರಿಯಿರಲಿ, ಅಂದಳು ಜೊಕುದು.
ಯಾಕೆಂದು ಯಾರೂ ಕೇಳಲಿಲ್ಲ.
ತೆವಳುವ ಕೂಸು ಕಾಣುವಷ್ಟು ಗಿಡ್ಡ ಗೋಡೆ.
ಹಿಟ್ಟಿನ ಗಿರಣಿ, ಇಲ್ಲೇ, ನಟ್ಟನಡುವೆ.

ಗಿರಣಿ ಸದ್ದಲ್ಲವೆ, ಎಂದೆ.
"ಗಿರಣಿಯಿದ್ದರೆ ದ್ರಿಚಿರು ಬರುತ್ತಾಳೆ."

ದ್ರಿಚಿರು ಈ ನೆಲದವಳು.
ಅಜ್ಜನ ಕಾಲದ ಶಿಯಾ ಮರವನ್ನು ಇವರು ಸೌದೆಗೆ ಕಡಿದಂದಿನಿಂದ
ಇವರ ದಾರಿಯಲ್ಲಿ ಉಗುಳಿ ನಡೆದವಳು.
ಗಿರಣಿ ಬಂತು. ದ್ರಿಚಿರೂ ಬಂದಳು.
ಮರಗೆಣಸಿನ ಬುಟ್ಟಿ ಇಳಿಸದೆ, ತಲೆಯ ಮೇಲೆ ಹೊತ್ತೇ
ಅರ್ಧ ಗಂಟೆ ಬೈದಳು ತನ್ನ ಭಾಷೆಯಲ್ಲಿ, ಇವರು ತಮ್ಮದರಲ್ಲಿ.
ಎರಡರಲ್ಲೂ ನನಗೆ ತಿಳಿದದ್ದು ಮರ ಎಂಬ ಮಾತೊಂದೇ.

ಆಗ ಹೊಳೆಯಿತು, ಜಗಳಕ್ಕೂ ಒಂದು ಜಗಲಿ ಬೇಕು.

ಹಾಗಾಗಿ ಆ ಕಟ್ಟೆ: ಮೊಣಕಾಲೆತ್ತರ, ಹಾವು ಹರಿದ ಹಾಗೆ ಸೊಟ್ಟ,
ಎರಡೂ ಬದಿಗೆ ಕೂರುವಷ್ಟು ಅಗಲ.
ಮುಖ ನೋಡಲೊಲ್ಲದವರು ಬೆನ್ನಿಗೆ ಬೆನ್ನು ಕೊಟ್ಟು ಕೂರಬಹುದು,
ಕಿವಿ ಹೇಗೂ ಎರಡೂ ಕಡೆಯವು.

ಮೂರು ವಾರ ದ್ರಿಚಿರು ಆ ಬದಿ, ಇವರು ಈ ಬದಿ.
ನಾಲ್ಕನೆಯ ವಾರ ಅವಳ ಕೈ, ಅವಳು ತಿರುಗದೆಯೇ,
ಹಿಂದಕ್ಕೆ ಚಾಚಿತು, ಉಪ್ಪಿಗೆ.
ಪೋನಿ ಕೊಟ್ಟಳು. ತುಸು ಕಡಿಮೆಯೇ ಕೊಟ್ಟಳು.
ಮರದ ಬಾಕಿ ಇನ್ನೂ ತೀರಿಲ್ಲ.

ಕಚೇರಿಯವರು ಕೇಳುತ್ತಾರೆ, ಇದೇನು, ಭವನವೋ ಕೇಂದ್ರವೋ,
ಫಲಾನುಭವಿಗಳೆಷ್ಟು.
ನಮೂನೆಯಲ್ಲಿ ಆ ಜಾಗ ಖಾಲಿ ಬಿಟ್ಟಿದ್ದೇನೆ.

ಗಿರಣಿಗೆ ಸುತ್ತ ಗೋಡೆಯೆತ್ತಿ ಸದ್ದು ತಗ್ಗಿಸೋಣವೇ, ಎಂದೆ ಒಮ್ಮೆ.
ಬೇಡವೆಂದು ತಲೆಯಾಡಿಸಿದ್ದು ಕಿಡೆನ್.
ಅದು ತಿರುಗುವಾಗ ಅವಳು ಪಕ್ಕ ಹೋಗಿ ನಿಲ್ಲುತ್ತಾಳೆ,
ಬಾಯಿ ತೆರೆಯುತ್ತಾಳೆ.
ತುಟಿ ಆಡುವುದು ಕಾಣುತ್ತದೆ, ಯಾರದೋ ಹೆಸರಿರಬೇಕು.
ಹಿಟ್ಟು ಬೀಳುತ್ತಿರುತ್ತದೆ.
ದ್ರಿಚಿರು ಕೂಡ ಆಗ
ಬೇರೆಡೆ ನೋಡುತ್ತಾಳೆ.