ರಿಪೇರಿ ಪುಸ್ತಕ

ಇಪ್ಪತ್ತೈದು ವರ್ಷ ತುಂಬಿತಂತೆ. ಸ್ಮರಣ ಸಂಚಿಕೆಗೆ
ಇತಿಹಾಸ ಬರೆದುಕೊಡು, ಎರಡು ಪುಟ ಸಾಕು,
ಅಂದರು ಆಫೀಸಿನವರು.
ನನ್ನ ಹತ್ತಿರ ಇರುವುದು ಇದೊಂದೇ:
ಕೆಂಪು ರಟ್ಟಿನ, ಗ್ರೀಸು ಕುಡಿದ ರಿಪೇರಿ ಪುಸ್ತಕ.

ಮೊದಲ ಪುಟ ದಸ್ತಗೀರ್ ಸಾಬರ ಕೈಬರಹ.
ದಾವಣಗೆರೆಯ ಕಾಟನ್ ಮಿಲ್ಲಿನಲ್ಲಿ ಫಿಟ್ಟರಾಗಿದ್ದವರು.
ಮಿಲ್ಲು ಮುಚ್ಚಿ ಹತ್ತು ವರ್ಷವಾದರೂ
ಊದದ ಸೈರನ್ನಿಗೆ ಏಳುತ್ತಿದ್ದ ಮನುಷ್ಯ.
ಸರ್ವಮಂಗಳಾ ಟೀಚರು ಪಿಂಚಣಿ ದುಡ್ಡಲ್ಲಿ
ಹಳೇ ಹತ್ತಿ ಗೋದಾಮು ಬಾಡಿಗೆ ಹಿಡಿದು
ಅವರನ್ನು ಕರೆತಂದಾಗ ತೊಲೆಗಳಲ್ಲಿ ಇನ್ನೂ
ಅರಳೆ ನೇತಾಡುತ್ತಿತ್ತು. ಗಾಳಿ ಬೀಸಿದರೆ ಕೆಮ್ಮು.
"ಕನ್ನಡಿ ನಾಲ್ಕು. ಸೈಕಲ್ ಚಕ್ರ ಮೂರು.
ಲಗ್ನದ ಬ್ಯಾಂಡಿನವರ ಹಳೇ ಸ್ಪೀಕರು ಒಂದು.
ಮಂಡಕ್ಕಿ, ಅರ್ಧ ಸೇರು."
ಇಷ್ಟೇ ಬಂಡವಾಳ.

ಬೋರ್ಡು ಬರೆದವನು ಪೇಂಟರ್ ಕೊಟ್ರೇಶಿ.
ಅಭ್ಯಾಸಬಲ. ಎಲ್ಲಾ ಕಡೆ ಬರೆದಂತೆ
ಇಲ್ಲೂ ಬರೆದ, ದಪ್ಪಗೆ, ನೆರಳು ಕೊಟ್ಟು:
ಮುಟ್ಟಬೇಡಿ.
ಟೀಚರು ಬೈಯಲಿಲ್ಲ, ನಕ್ಕರು.
ಸೀಮೆಎಣ್ಣೆ ಬಟ್ಟೆಯಲ್ಲಿ ತಾವೇ ಒರೆಸಿ
ಬೇಡಿ ಕಳಚಿದರು.
ಉಳಿದದ್ದಕ್ಕೆ ಒಂದು ಗುಡಿಸು ಕೊಡಪ್ಪ ಅಂದರು.
ಮುಟ್ಟಿ.

ಗುಡಿಸು ಅಂದದ್ದು ನನಗೇ ಅಂದುಕೊಂಡು
ನಾನು ಪೊರಕೆ ಹಿಡಿದು ಓಡಿಬಂದೆ.
ಅಕ್ಷರಕ್ಕೂ ಗುಡಿಸು ಇರುತ್ತದೆಂದು
ನನಗೆ ಯಾರು ಹೇಳಿದ್ದರು?

ಚಕ್ರದ ಸುತ್ತ ಗುಡಿಸುತ್ತಿದ್ದೆ, ಚಕ್ರ ತಾಗದಂತೆ,
ಸೆರಗು ಬಿಗಿಹಿಡಿದು. ಕೇರಿಯಲ್ಲಿ ಕಲಿತ ನಡಿಗೆ ಅದು,
ಯಾರ ಜಗುಲಿಗೂ ತಾಗದೆ ಊರು ದಾಟುವ ನಡಿಗೆ.
ಮೂರನೇ ದಿನ ಟೀಚರು ಬೋರ್ಡು ತೋರಿಸಿ
"ಇದು ಮಕ್ಕಳಿಗಷ್ಟೇ ಅಲ್ಲ, ದುರುಗಮ್ಮ" ಅಂದರು.
ತಿರುಗೋ ಕುರ್ಚಿಯ ಮೇಲೆ ಕೂರಿಸಿ
ತಿರುಗುತ್ತಿದ್ದ ಚಕ್ರವನ್ನು ಎರಡೂ ಕೈಗೆ ಕೊಟ್ಟರು.
ಬಾಗಿಸಿದೆ. ಕುರ್ಚಿ ತಾನೇ ಹೊರಟಿತು,
ಗೋದಾಮು, ಅರಳೆ, ಸಾಬರ ಬಿಳಿ ಟೋಪಿ
ಸುತ್ತ ಸುತ್ತ ಸುತ್ತ.
ನಾನು ಕಿರುಚಿದೆ.
ಕುರ್ಚಿ ಯಾಕೆ ತಿರುಗಿತೆಂದು ಈಗ ಯಾವ ಶಾಲೆಯವರಿಗೂ ವಿವರಿಸಬಲ್ಲೆ.
ಆ ಕಿರುಚಿದ್ದನ್ನು ವಿವರಿಸಲಾರೆ.

ಆಮೇಲಿನದು ಪುಸ್ತಕದಲ್ಲಿದೆ.
"ಡೈನಮೋ ಹಿಡಿ ಸವೆದು ಬದಲಿಸಿದ್ದು, ಏಳನೇ ಸಲ."
"ಡೊಂಕು ಕನ್ನಡಿ ಒಡೆದಿದೆ. ಹರಪನಹಳ್ಳಿ ಕಡೆಯ ಹುಡುಗ,
ಕನ್ನಡಿಯ ಹಿಂದೆ ಯಾರಿದ್ದಾರೆ ನೋಡಲು ಹೋಗಿ."
"ಮಡಕ್ಕಿ ಮುಗದದೆ. ತಿಂದವ್ರೆ."
ಇದು ನಾನು ಬರೆದ ಮೊದಲನೆಯದು. ಸೊನ್ನೆ ಬಿಟ್ಟಿದ್ದೆ,
ಸಾಬರು ತಿದ್ದಲಿಲ್ಲ.
ಮೈಕಿನಲ್ಲಿ ಹೆಸರು ಕೂಗಿದರೆ ಸ್ಪೀಕರಿನ ತಗಡಿನ ಮೇಲೆ
ಮಂಡಕ್ಕಿ ಎದ್ದು ಕುಣಿದು ಸಾಲುಹಿಡಿದು ಕೂರುತ್ತಿತ್ತು,
ಒಬ್ಬೊಬ್ಬರ ಹೆಸರಿಗೆ ಒಂದೊಂದು ರಂಗೋಲಿ.
ಮಕ್ಕಳು ತಮ್ಮ ತಮ್ಮ ಹೆಸರನ್ನು ತಿಂದುಕೊಂಡು
ಬಸ್ಸು ಹತ್ತುತ್ತಿದ್ದರು.

ದೊಡ್ಡವರು ರಿಬ್ಬನ್ ಕತ್ತರಿಸಿ ಕೊಟ್ಟುಹೋದ
ಗಾಜಿನ ಪೆಟ್ಟಿಗೆಯ ಭಾರೀ ಯಂತ್ರದ ಹೆಸರು
ಈ ಪುಸ್ತಕದಲ್ಲಿ ಒಮ್ಮೆಯೂ ಬಂದಿಲ್ಲ.
ಅದು ಕೆಡಲೇ ಇಲ್ಲ.

ಎರಡು ಸಾವಿರದ ಇಪ್ಪತ್ತು: ಪುಟಗಳು ಖಾಲಿ.
ಮುಟ್ಟುವುದೇ ರೋಗವಾದ ವರ್ಷ.
ಬೋರ್ಡಿಗೆ ಹಳೇ ಪೇಪರ್ ಅಂಟಿಸಿದವಳು ನಾನೇ.
ಊರಿಗೆ ಹೊಸದು ಆ ದೂರ, ನನಗಲ್ಲ.
ದಿನಾ ಸಂಜೆ ಬೀಗ ತೆಗೆದು, ತುಕ್ಕು ಹಿಡಿಯದಿರಲೆಂದು,
ಡೈನಮೋ ತಿರುಗಿಸಿ ಒಂದು ಬಲ್ಬು ಹೊತ್ತಿಸುತ್ತಿದ್ದೆ.
ಸಾಬರು ಹೋದ ದಿನವೂ.
ಆಸ್ಪತ್ರೆಯವರು ಹತ್ತಿರ ಬಿಡಲಿಲ್ಲ.
ಅವತ್ತು ತುಸು ಹೆಚ್ಚು ಹೊತ್ತು ತಿರುಗಿಸಿದೆ.

ಇಗೋ, ಎರಡು ಪುಟ ಕೇಳಿದ್ದಿರಿ. ಹರಿದುಕೊಡಲಾರೆ,
ನೋಡಿ ಬರೆದುಕೊಳ್ಳಿ.
ಈಗಿರುವುದು ಹನ್ನೆರಡನೇ ಹಿಡಿ. ಅದೂ ಸವೆಯುತ್ತಿದೆ,
ಬೆರಳಿನ ಗುಳಿ ಬಿದ್ದಿದೆ, ಪುಟ್ಟ ಪುಟ್ಟ ಬೆರಳಿನವು.
ಫೋಟೋ ಬೇಕಿದ್ದರೆ ಅದರದ್ದು ಹಾಕಿ.
ನಿನ್ನೆ ಜಗಳೂರಿನಿಂದ ಎರಡು ಬಸ್ಸು ಬಂದಿದ್ದವು.
ಮಂಡಕ್ಕಿ ಮುಗಿದಿದೆ.
ಸೊನ್ನೆ ಹಾಕಿದ್ದೇನೆ, ನೋಡಿ.
ಕಾಸು ಕೊಟ್ಟು ಕಳಿಸಿ.