ಪಾತಾಳಗರಡಿ

ಗುಜರಿಯಿಂದ ತಂದ ಹಿತ್ತಾಳೆ ಕೊಡ.
ಗಾಳದ ನೈಲಾನು ದಾರಕ್ಕೆ ಕಟ್ಟಿ
ಪ್ರಯೋಗಶಾಲೆಯ ಸೂರಿಗೆ ತೂಗುಬಿಟ್ಟಿದ್ದೇವೆ.
ಕಿಟಕಿಗೆಲ್ಲ ಕರಿ ಪರದೆ. ಹೊರಗೆ ರಾಯಚೂರಿನ ಮೇ,
ಒಳಗೆ ಒಂದೇ ದೀಪ, ಅದೇ ಸೂರ್ಯ.
ಕೊಡವೆಂದರೆ ಸತ್ತ ರಾಕೆಟ್ಟಿನ ಕೊನೆಯ ಹಂತ.
ಅಮರೇಶ ಬೆರಳಲ್ಲಿ ಒಮ್ಮೆ ತಿರುವಿ ದೂರ ಸರಿದರೆ
ಕ್ಯಾಮೆರಾ ಎಣಿಸಲು ಕೂರುತ್ತದೆ.

ಮೇಲೆ ಅಂಥವು ಸಾವಿರಕ್ಕೂ ಮಿಕ್ಕಿ ಇವೆ.
ಕರೆದರೆ ಓಗೊಡವು, ಎಲ್ಲಿದ್ದೇವೆಂದು ಹೇಳವು,
ಹಿಡಿಯಲೊಂದು ಹಿಡಿಕೆಯಿಲ್ಲ,
ತಮ್ಮ ಪಾಡಿಗೆ ಲಾಗ ಹಾಕುತ್ತ ಸುತ್ತುತ್ತವೆ.
ನಮ್ಮ ಕಾಗದಪತ್ರಗಳಲ್ಲಿ ಅವಕ್ಕೆ ಹೆಸರು
‘ಸಹಕರಿಸದ ವಸ್ತು’.

ಅದನ್ನು ಕೇಳಿ ಖಾಸಿಂಸಾಬರು ನಕ್ಕುಬಿಟ್ಟರು.
“ಸಹಕಾರ ಅಂಬೋದು ಸೊಸೈಟಿ ಬೋರ್ಡಿನ ಮ್ಯಾಲ ಅದ ಮೇಡಮ್ಮೋರೆ,
ಬಾವ್ಯಾಗ ಎಲ್ಲಿಂದ ಬರ್ತದ?
ಬಿದ್ದ ಕೊಡ, ನಾ ಇಲ್ಲೇ ಅದೀನಿ ಬಾ ಅಂತ
ಕೂಗಿದ್ದು ಒಂದು ತೋರಸ್ರಿ.”

ತೀನ್ ಕಂದೀಲಿನ ಹಿಂದೆ ಅವರ ಮನೆ.
ಮೊಳೆಗೆ ನೇತುಬಿದ್ದಿದೆ ಪಾತಾಳಗರಡಿ: ಒಂದು ಬಳೆಗೆ
ಹನ್ನೊಂದು ಕೊಕ್ಕೆ. ಹನ್ನೆರಡನೆಯದು ಮುರಿದು
ಯಾವುದೋ ಬಾವಿಯ ತಳದಲ್ಲೇ ಉಳಿದಿದೆ.
ಈಗ ಬಾವಿಗೆಲ್ಲ ಜಾಲರಿ. ಕೊಡ ಪ್ಲಾಸ್ಟಿಕ್ಕು, ಬಿದ್ದರೂ ತೇಲುತ್ತದೆ.
ವರ್ಷಕ್ಕೆ ಎರಡೋ ಮೂರೋ ಕರೆ.

ಕೇಳಿದೆ: ಹೇಗೆ ಇಳಿಸುತ್ತಿದ್ದಿರಿ?

ಮೊದಲು ಕನ್ನಡಿ, ಅಂದರು.
ನಡುಮಧ್ಯಾಹ್ನದ ಬಿಸಿಲನ್ನು ಹಿಡಿದು ಒಳಗೆ ಚೆಲ್ಲಬೇಕು.
ಹೊಳೆದದ್ದೆಲ್ಲ ಕೊಡವಲ್ಲ, ನೀರೂ ಹೊಳೆಯುತ್ತದೆ.
ಇಳಿಸಿದ ಕೂಡಲೇ ಕೆಣಕಬಾರದು,
ಒಂದು ಗೇಣು ಮೇಲೆ ತಡೆದು ನಿಲ್ಲಿಸಿ
ರಾಡಿ ತಿಳಿಯಾಗುವ ತನಕ ಬೀಡಿ ಸೇದಬೇಕು.
“ಹಿಡೀದೆ ಮುಟ್ಟಿದಿ ಅಂದ್ರ ನೂಕಿದಂಗ.
ಅಲ್ಲಿಗೆ ಅದು ಮತ್ತೊಂದು ಮೂಲಿಗೆ.”

ಇದನ್ನೇ ನಾನು ಹನ್ನೊಂದು ಪುಟ ಸಮೀಕರಣದಲ್ಲಿ ಬರೆದಿದ್ದೆ.
ಆದರೆ ಅಲ್ಲಿ ತಳವಿಲ್ಲ,
ನೂಕಿದ್ದನ್ನು ತಡೆಯಲು ಕೆಸರೂ ಇಲ್ಲ.
ಹಿಂದಿನಿಂದ ಅವಸರಿಸಿ ಮುನ್ನುಗ್ಗಿದರೆ
ಮೇಲೇರಿ, ಇನ್ನೂ ಹಿಂದೆ ಬೀಳುತ್ತೇವೆ.
ಇದನ್ನು ಹೇಳಿದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು.

“ಬರೇ ಕೊಡಾನೇ ಏನ್ರಿ?” ಅಂದ ಅಮರೇಶ.
ಬೀಡಿ ಆರಿಸಿದರು.
“ಒಮ್ಮೆ ಹಗ್ಗ ಭಾರ ಬಂತು. ಕೊಡದ ಭಾರ ಅಲ್ಲ ಅದು.
ಹುಡುಗರನ್ನ ಠಾಣೆಕ್ಕ ಕಳಿಸಿ
ನಾ ಹಗ್ಗ ಹಿಡಕೊಂಡು ನಿಂತೆ.
ಅವತ್ತೂ ಮೆಲ್ಲಕ ಎಳದೆ.”
ಮತ್ತೆ ನಾವು ಏನೂ ಕೇಳಲಿಲ್ಲ.

ನಮ್ಮ ತೊಡಕು ಬೇರೆ: ಕೊಡ ತೀರ ದುಂಡಗೆ.
ಯಾವ ಕಡೆಯಿಂದ ನೋಡಿದರೂ ಅದೇ ಕೊಡ,
ತಿರುಗುತ್ತಿದೆಯೋ ನಿಂತಿದೆಯೋ ಲೆಕ್ಕಕ್ಕೆ ತಿಳಿಯದು.
ಮೂರು ವಾರ ಹೀಗೆ. ನಾಲ್ಕನೆಯ ವಾರ
ದೀಪವನ್ನು ಓರೆಗೆ ಸರಿಸಿದಾಗ ಕಂಡಿತು
ಹೊಟ್ಟೆಯ ಮೇಲೊಂದು ನೆಗ್ಗು.
ಅದರ ಎಡಬಲಕ್ಕೆ ಚುಕ್ಕಿ ಚುಕ್ಕಿಯಾಗಿ ಉಳಿಯಲ್ಲಿ ಹೊಡೆದ ಅಕ್ಷರ:
ಹು, ಲಿ, ಆಮೇಲೆ ನೆಗ್ಗು, ಆಮೇಲೆ ಮ್ಮ.
ಹದಿನಾಲ್ಕು ಸೆಕೆಂಡಿಗೊಮ್ಮೆ ಬಂದು ಹೋಗುವ ಹೆಸರು.
ಪರದೆಯ ಮೇಲೆ ಅಂಕಿ
ಮೊದಲ ಸಲ ಅಲುಗದೆ ನಿಂತಿತು.

ಖಾಸಿಂಸಾಬರನ್ನು ಕರೆಸಿದೆವು. ಚಪ್ಪಲಿ ಹೊರಗೆ ಬಿಟ್ಟು ಬಂದರು.
ಅಂಕಿಗಳತ್ತ ನೋಡಲೇ ಇಲ್ಲ.
ಕೊಡ ಒಂದು ಸುತ್ತು ಬಂತು, ಎರಡು ಸುತ್ತು.
“ಹುಲಿಗೆಮ್ಮಂದು! ಆ ನೆಗ್ಗು ನಂದೇ ಕೆಲಸ,
ಎತ್ತುವಾಗ ಬಾವಿ ಕಲ್ಲಿಗೆ ಬಡೀತು.
ಅದಕ್ಕೇ ಐದು ರೂಪಾಯಿ ಕೊಡಲೇ ಇಲ್ಲ ಆಕಿ.”

ಯಂತ್ರದ ತೋಳು ಒಂದು ಗೇಣು ದೂರದಲ್ಲಿ ನಿಂತಿತ್ತು.
ಅಮರೇಶನ ಬೆರಳು ಗುಂಡಿಯ ಮೇಲೆ.
ಕತ್ತಲಲ್ಲಿ ಮುದುಕರ ಬಲಗೈ ತಾನಾಗಿ ಮೇಲೆದ್ದು
ಇಲ್ಲದ ಹಗ್ಗವನ್ನು ಹಿಡಿಯಿತು.
“ತಡಿ,” ಅಂದರು,
“ಇನ್ನೊಂದು ಸುತ್ತು ಬರಲಿ.”